ಸೊಪ್ಪೆಗೆ ಬೇಕು ಅರ್ಧ ಚೀಲ

ಹೋದ ಮುಂಗಾರಿನಲ್ಲಿ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಕಡೆಯಿಂದ ತಮ್ಮನ ಫೋನು. ‘ಅಣ್ಣಾ, ನಿನ್ನ ಮಾತು ಕೇಳಿ ಸೊಪ್ಪಿ ಸುಡಲಿಲ್ಲ, ಮಣ್ಣಿಗೆ ಸೇರಿಸಿದೆ. ಈಗ ನೋಡು, ಗೋವಿನಜೋಳ ಹಳದಿ ತಿರುಗೈತಿ.’ ಬೆಂಗಳೂರಿನ ವಿಜಯನಗರದ ಮನೆಯಲ್ಲಿ ಕುಳಿತು ಸುಡಬೇಡ ಎಂದಿದ್ದವನು ನಾನು. ಸುಡದಿದ್ದರೆ ಮುಂದೇನು ಮಾಡಬೇಕೆಂದು ಹೇಳಿರಲಿಲ್ಲ.

ತೆನೆ ಮುರಿದ ಮೇಲೆ ಉಳಿಯುವ ಒಣಗಿದ ಸೊಪ್ಪೆಯಲ್ಲಿ 1 ಪಾಲು ಸಾರಜನಕಕ್ಕೆ ಸುಮಾರು 60 ಪಾಲು ಇಂಗಾಲ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ 25 ಪಾಲು ಇಂಗಾಲಕ್ಕೇ ಅಷ್ಟು ಸಾರಜನಕ ಬೇಕು. ಕಡಿಮೆ ಬಿದ್ದದ್ದನ್ನು ಅವು ಮಣ್ಣಿನಿಂದ ಎಳೆದುಕೊಳ್ಳುತ್ತವೆ. ಎಳೆ ಪೈರು ಉಪವಾಸ ಬೀಳುತ್ತದೆ. ಒಂದು ಟನ್ ಸೊಪ್ಪೆಗೆ ಹೆಚ್ಚುಕಡಿಮೆ 10 ಕಿಲೊ ಸಾರಜನಕದ ಕೊರತೆ. 45 ಕಿಲೊ ಯೂರಿಯಾ ಚೀಲದಲ್ಲಿರುವುದು 20 ಕಿಲೊ ಚಿಲ್ಲರೆ, ಅಂದರೆ ಟನ್ನಿಗೆ ಅರ್ಧ ಚೀಲ. ಜೀವಿಗಳು ಸತ್ತಮೇಲೆ ಈ ಸಾರಜನಕದ ಬಹುಪಾಲು ಮಣ್ಣಿಗೇ ಮರಳುತ್ತದೆ. ಆದರೆ ನಿಧಾನವಾಗಿ. ಮೊಣಕಾಲೆತ್ತರದ ಪೈರು ಅಲ್ಲಿಯವರೆಗೆ ಕಾಯಲಾರದು.

ತಮ್ಮ ಮೇನಲ್ಲಿ ಸೊಪ್ಪೆ ಸೇರಿಸಿ ಜೂನಿನಲ್ಲಿ ಬಿತ್ತಿದ್ದ. ತೆನೆ ಮುರಿದ ಕೂಡಲೇ, ನೆಲದ ಹಸಿ ಆರುವ ಮುಂಚೆ, ರೋಟವೇಟರ್ ಹೊಡೆದು ಟನ್ನಿಗೆ ಅರ್ಧ ಚೀಲ ಯೂರಿಯಾದೊಂದಿಗೆ ಬೆರೆಸಿದ್ದರೆ ಬಿತ್ತನೆ ಹೊತ್ತಿಗೆ ಅದು ಬಹಳಷ್ಟು ಕೊಳೆತಿರುತ್ತಿತ್ತು. ದನ ಇದ್ದವರು ಮೇವಿಗೆ ಇಟ್ಟುಕೊಳ್ಳಲಿ, ತಿಪ್ಪೆಗೊಬ್ಬರವಾಗಿ ಹೊಲಕ್ಕೆ ಬಂದರೆ ಅದಕ್ಕಿಂತ ಒಳ್ಳೆಯದಿಲ್ಲ. ಸುಟ್ಟರೆ ಮಾತ್ರ ಸಾರಜನಕವೂ ಗಂಧಕವೂ ಹೊಗೆಯ ಪಾಲು, ಬೂದಿಯಲ್ಲುಳಿದ ಪೊಟ್ಯಾಷ್‌ನಲ್ಲೂ ಒಂದಿಷ್ಟು ಗಾಳಿಯ ಪಾಲು. ಬಸವೇಶ್ವರನಗರದ ರಸ್ತೆ ಮೂಲೆಗಳಲ್ಲಿ ತರಗೆಲೆ ರಾಶಿಗೆ ಬೆಂಕಿ ಹಚ್ಚುವ ನಾವೂ ಮಾಡುತ್ತಿರುವುದು ಇದನ್ನೇ.

ಆದರೆ ಆ ಅರ್ಧ ಚೀಲವನ್ನು ಹಗುರವಾಗಿ ಹೇಳಲು ನನಗೆ ಬಾಯಿ ಬರುವುದಿಲ್ಲ. 2008ರ ಜೂನಿನಲ್ಲಿ ಇದೇ ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ಆಗಿ ಇಬ್ಬರು ಪ್ರಾಣ ಕಳೆದುಕೊಂಡರು. 2025ರ ಮುಂಗಾರಿನಲ್ಲೂ ಯೂರಿಯಾಕ್ಕೆ ಸರದಿ ತಪ್ಪಲಿಲ್ಲ. ಹಳದಿ ತಿರುಗಿದ ಹೊಲಕ್ಕೆ ಮೇಲುಗೊಬ್ಬರ ಹುಡುಕಿಕೊಂಡು ತಮ್ಮ ಎಂಟು ದಿನ ಅಲೆದ. ಪೈರು ಚೇತರಿಸಿತು, ತೆನೆ ಗಿಡ್ಡವಾದವು. ಸುಡಬೇಡಿ ಎಂದು ರೈತನಿಗೆ ಹೇಳುವ ಸರ್ಕಾರ, ಸೊಪ್ಪೆ ಮಣ್ಣಿಗೆ ಸೇರುವ ವಾರವೇ ಆ ಅರ್ಧ ಚೀಲ ಸೊಸೈಟಿಯಲ್ಲಿ ಸಿಗುವಂತೆ ಮಾಡಬೇಕು. ಮುಂಗಾರಿನ ಲೆಕ್ಕದಲ್ಲಷ್ಟೇ ಯೂರಿಯಾ ಹಂಚಿದರೆ ಇದು ಆಗುವ ಕೆಲಸವಲ್ಲ. ನಾಲ್ಕಾರು ವರ್ಷ ಬಿಡದೆ ಸೊಪ್ಪೆ ಸೇರಿಸಿದ ಹೊಲ ಆಮೇಲೆ ಕೇಳುವ ಗೊಬ್ಬರವೂ ಕಡಿಮೆಯಾಗುತ್ತ ಬರುತ್ತದೆ. ಮೊದಲ ವರ್ಷಗಳನ್ನು ದಾಟಿಸಲು ಯಾರಾದರೂ ಕೈಹಿಡಿಯಬೇಕಷ್ಟೆ.

ಈ ಸಲ ತೆನೆ ಮುರಿಯುವ ವಾರ ಊರಿಗೆ ಹೋಗುತ್ತಿದ್ದೇನೆ. ತಮ್ಮ ಒಂದು ಎಕರೆ ಬಿಟ್ಟುಕೊಟ್ಟಿದ್ದಾನೆ. ಉಳಿದದ್ದರ ಮಾತು ಮುಂದಿನ ಬೆಳೆ ನೋಡಿಕೊಂಡು ಎಂದಿದ್ದಾನೆ.