ಹಾಯಿಯೂ ಪಂಖವೂ

ಮೂವತ್ತು ವರ್ಷ ಭೌತವಿಜ್ಞಾನವನ್ನು ಬೋಧಿಸಿ ನಿವೃತ್ತನಾದ ನನ್ನನ್ನು ಈಚೆಗೆ ಒಂದು ಹಳೆಯ ತೀರ್ಪು ಮುಳ್ಳಿನಂತೆ ಚುಚ್ಚುತ್ತಿದೆ.

ಪ್ರಶ್ನೆ ಬಹು ಸರಳವಾದುದು. ಗಾಳಿಯಿಲ್ಲದ ದಿನ ಹಾಯಿದೋಣಿಯೊಂದು ಕೆರೆಯ ನಡುವೆ ನಿಂತಿದೆ. ದೋಣಿಯ ಹಿಂಬದಿಯಲ್ಲಿ ದೊಡ್ಡ ವಿದ್ಯುತ್ ಪಂಖವೊಂದನ್ನಿಟ್ಟು ಹಾಯಿಯ ಮೇಲೆ ಗಾಳಿ ಬೀಸಿದರೆ ದೋಣಿ ಚಲಿಸುವುದೇ? ಚಲಿಸದು ಎಂದೇ ನಾನು ಹೇಳಿಕೊಡುತ್ತಿದ್ದೆ. ಕ್ರಿಯೆಗೆ ಸಮನಾದ ಪ್ರತಿಕ್ರಿಯೆ ಉಂಟೆಂದು ನ್ಯೂಟನ್ ೧೬೮೭ರಲ್ಲಿಯೇ ಸಾರಿದ್ದಾನೆ. ಪಂಖ ಗಾಳಿಯನ್ನು ಮುಂದಕ್ಕೆ ನೂಕಿದರೆ ಗಾಳಿ ಪಂಖವನ್ನು ಹಿಂದಕ್ಕೆ ನೂಕುತ್ತದೆ. ಅದಕ್ಕೂ ಹಾಯಿಗೆ ದೊರೆತ ನೂಕಿಗೂ ವಜಾ. "ತನ್ನ ಜುಟ್ಟನ್ನು ತಾನೇ ಹಿಡಿದು ಮೇಲೆದ್ದವರುಂಟೇನಯ್ಯಾ?" ಎಂದು ಕೇಳಿದರೆ ತರಗತಿಯೆಲ್ಲ ನಗುತ್ತಿತ್ತು.

ಒಬ್ಬ ಹುಡುಗ ಮಾತ್ರ, ಹಾಯಿ ಬೋಗುಣಿಯಂತೆ ಬಾಗಿದ್ದರೆ ದೋಣಿ ಮುಂದೆ ಹೋದೀತೆಂದು ಉತ್ತರ ಬರೆದಿದ್ದ. ಸೊನ್ನೆ ಕೊಟ್ಟೆ.

ಈಚೆಗೆ ನನ್ನ ಮೊಮ್ಮಗಳು ಥರ್ಮಕೋಲಿನ ತುಂಡಿನ ಮೇಲೆ ಬ್ಯಾಟರಿಯ ಪುಟ್ಟ ಪಂಖವನ್ನೂ ರಟ್ಟಿನ ಹಾಯಿಯನ್ನೂ ನಿಲ್ಲಿಸಿ ತೊಟ್ಟಿಯಲ್ಲಿ ತೇಲಿಬಿಟ್ಟಳು. ಹಾಯಿ ಚಪ್ಪಟೆಯಾಗಿದ್ದಾಗ ದೋಣಿ ತುಸು ಅಲುಗಾಡಿ ಅಲ್ಲಿಯೇ ನಿಂತಿತು. ರಟ್ಟನ್ನು ಬಾಗಿಸಿ ಕಟ್ಟಿದೊಡನೆ ಮೆಲ್ಲಮೆಲ್ಲನೆ ಮುಂದಕ್ಕೆ ಸರಿಯಿತು!

ಲೆಕ್ಕ ಹಾಕಿದರೆ ಇದರಲ್ಲಿ ಮಾಯವೇನೂ ಇಲ್ಲ. ಗಾಳಿ ಕೊನೆಗೆ ದೋಣಿಯನ್ನು ಬಿಟ್ಟು ಯಾವ ದಿಕ್ಕಿಗೆ ಹೊರಟಿತು ಎಂಬುದೊಂದೇ ಕೇಳಬೇಕಾದ ಮಾತು. ಚಪ್ಪಟೆ ಹಾಯಿಗೆ ಬಡಿದ ಗಾಳಿ ಪಕ್ಕಗಳಿಗೆ ಚೆದರುತ್ತದೆ, ಲಾಭನಷ್ಟ ಸಮ. ಹಾಯಿಯನ್ನು ತಪ್ಪಿಸಿಕೊಂಡು ಗಾಳಿ ಮುಂದೆ ಸೋರಿಹೋದರೆ ದೋಣಿ ಹಿಂದಕ್ಕೇ ಸರಿದೀತು. ಬಾಗಿದ ಹಾಯಿಯಾದರೋ ಗಾಳಿಯನ್ನು ತಡೆಯುವುದಲ್ಲದೆ ಬಂದ ದಾರಿಗೇ ಹೊರಳಿಸುತ್ತದೆ. ತಡೆದುದಕ್ಕೊಂದು ನೂಕು, ಹೊರಳಿಸಿದುದಕ್ಕೊಂದು ನೂಕು. ಪಂಖದ ಹಿನ್ನೂಕು ಒಂದೇ. ಮಿಕ್ಕದ್ದು ದೋಣಿಯ ಪಾಲು. ನ್ಯೂಟನ್ನನ ನಿಯಮ ಕೂದಲೆಳೆಯಷ್ಟೂ ಮುರಿಯಲಿಲ್ಲ. ಮುರಿದದ್ದು ನನ್ನ ಪಾಠ.

ನಾಚಿಕೆಯ ಸಂಗತಿಯೆಂದರೆ, ನಮ್ಮ ಶರಾವತಿ ವಿದ್ಯುದಾಗಾರದ ಪೆಲ್ಟನ್ ಚಕ್ರದ ಬಟ್ಟಲುಗಳು ನೀರಿನ ಧಾರೆಯನ್ನು ಹೀಗೆಯೇ ಹೊರಳಿಸಿ ಹೆಚ್ಚಿನ ನೂಕನ್ನು ಪಡೆಯುವ ಬಗೆಯನ್ನು ಅದೇ ಕರಿಹಲಗೆಯ ಮೇಲೆ ನಾನೇ ಬಿಡಿಸಿ ತೋರಿಸುತ್ತಿದ್ದೆ! ನೆಲಕ್ಕಿಳಿದ ಜೆಟ್ ವಿಮಾನ ತನ್ನ ಎಂಜಿನ್ನಿನ ಗಾಳಿಯನ್ನೇ ಮುಂದಕ್ಕೆ ತಿರುಗಿಸಿ ಓಟವನ್ನು ತಗ್ಗಿಸುವುದೂ ಇದೇ ಯುಕ್ತಿಯಿಂದ. ೨೦೧೧ರಲ್ಲಿ ಅಮೆರಿಕದ ದೂರದರ್ಶನ ಕಾರ್ಯಕ್ರಮವಾದ 'ಮಿತ್‌ಬಸ್ಟರ್ಸ್'ನವರು ನಿಜವಾದ ದೋಣಿಯನ್ನೇ ಹೀಗೆ ಮುಂದಕ್ಕೆ ನಡೆಸಿ ತೋರಿಸಿದರು.

ಹಾಗೆಂದು ಇದು ಜಾಣರ ದೋಣಿಯಲ್ಲ. ಹಾಯಿಯನ್ನು ಕಿತ್ತುಹಾಕಿ, ದೋಣಿಯ ಹಿಂದಕ್ಕೆ ಗಾಳಿ ಬೀಸುವಂತೆ ಪಂಖವನ್ನು ತಿರುಗಿಸಿಟ್ಟರೆ ಓಟ ಇನ್ನೂ ಚೆನ್ನಾಗಿರುತ್ತದೆ. ಫ್ಲಾರಿಡಾದ ಜೌಗುಪ್ರದೇಶದ ಪಂಖದೋಣಿಗಳು ಸಾಗುವುದು ಹಾಗೆಯೇ. ಆದರೆ ಲಾಭವಿಲ್ಲ ಎಂಬುದು ಬೇರೆ, ಆಗದು ಎಂಬುದು ಬೇರೆ. ಇವೆರಡನ್ನೂ ಒಂದೆಂದು ಕಲಿಸುವ ಪಾಠ ವಿಜ್ಞಾನವಲ್ಲ, ಕಂಠಪಾಠ. ಈ ಪ್ರಶ್ನೆಯನ್ನು ಪರೀಕ್ಷೆಗೆ ಕೊಡುವ ಅಧ್ಯಾಪಕರು ಮೊದಲು ಒಂದು ತೊಟ್ಟಿ ನೀರನ್ನು ತರಗತಿಗೆ ತರಿಸಲಿ ಎಂಬುದೇ ನನ್ನ ಬಿನ್ನಹ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತದೆ ಗಾದೆ. ನಾನು ಪ್ರತ್ಯಕ್ಷವನ್ನೂ ನೋಡಲಿಲ್ಲ, ಪ್ರಮಾಣವನ್ನೂ ಕೇಳಲಿಲ್ಲ. ಮುಂದಿನ ವರ್ಷ ಆ ಹುಡುಗ ವಿಜ್ಞಾನವನ್ನು ಬಿಟ್ಟನು. ನನ್ನ ಸೊನ್ನೆಯೇ ಕಾರಣವೆಂದು ಹೇಳಲಾರೆ, ಅಲ್ಲವೆಂದೂ ಹೇಳಲಾರೆ.