ಇಳಿದು ಬಂದ ದೇವದೂತ

ಭದ್ರೆಯ ದಡದ ಬಾಳೆಹೊನ್ನೂರಿಗೆ ರಂಭಾಪುರಿಯೆಂದೂ ಹೆಸರು. ವೀರಶೈವ ಪಂಚಪೀಠಗಳಲ್ಲೊಂದು ಅಲ್ಲಿ ನೆಲಸಿರುವುದರಿಂದ ಆ ಹೆಸರು ನಾಡಿಗೆಲ್ಲ ಪರಿಚಿತ. ಸಂಸ್ಕೃತದಲ್ಲಿ ರಂಭಾ ಎಂದರೆ ಬಾಳೆ. ಇಂದ್ರಸಭೆಯ ಅಪ್ಸರೆಯೊಬ್ಬಳ ಹೆಸರೂ ಅದೇ. ನೆಲದಲ್ಲಿ ಬೇರೂರಿ, ಒಮ್ಮೆ ಗೊನೆ ಹೊತ್ತು ಬಾಳನ್ನು ಮುಗಿಸುವ ಗಿಡವನ್ನೂ, ಮುಪ್ಪು ಸಾವುಗಳನ್ನರಿಯದ ದಿವ್ಯಾಂಗನೆಯನ್ನೂ ಭಾಷೆ ಒಂದೇ ಪದದಲ್ಲಿ ಕೂಡಿಸಿಬಿಟ್ಟಿದೆ.

ಅಲ್ಲಿಂದ ತುಂಗೆಯ ಕಡೆಗೆ ಹೊರಳಿದರೆ ಶೃಂಗೇರಿ. ಅದರ ಸಮೀಪದ ಕಿಗ್ಗದಲ್ಲಿ, ಮಳೆಯನ್ನು ಬೇಡಿ ಭಕ್ತರು ಬರುವ ಋಷ್ಯಶೃಂಗೇಶ್ವರನ ಗುಡಿ. ಋಷ್ಯಶೃಂಗನ ಹುಟ್ಟಿನ ಕಥೆಯಲ್ಲಿಯೂ ಒಬ್ಬ ಅಪ್ಸರೆಯ ನೆರಳಿದೆ. ವಿಭಾಂಡಕ ಮುನಿಯ ತಪಸ್ಸನ್ನು ಕದಡಿದವಳು ಊರ್ವಶಿಯೆಂದು ಮಹಾಭಾರತದ ವನಪರ್ವ ಹೇಳುತ್ತದೆ. ಸ್ವರ್ಗದವರು ಭೂಮಿಗೆ ಬಂದು ಹೋಗುವುದು ಈ ಮಲೆನಾಡಿಗೆ ಹೊಸ ಸುದ್ದಿಯಲ್ಲ. ನಮ್ಮ ಚಿತ್ರರಂಗಕ್ಕೂ ಅಲ್ಲ. 1961ರ ತೆಲುಗು ಚಿತ್ರ ‘ಜಗದೇಕವೀರುನಿ ಕಥ’ದಲ್ಲಿ ಇಂದ್ರನ ಮಗಳು ಜಯಂತಿಯಾಗಿ ನಟಿಸಿದವರು ಕನ್ನಡತಿ ಬಿ. ಸರೋಜಾದೇವಿಯವರೇ.

ಇದೇ ವಸ್ತುವನ್ನು ಪಶ್ಚಿಮದವರು ಹೇಗೆ ನಿರ್ವಹಿಸಿದ್ದಾರೆಂಬುದನ್ನು ತಿಳಿಯಬಯಸುವವರು ‘ಸಿಟಿ ಆಫ್ ಏಂಜಲ್ಸ್’ ಚಿತ್ರವನ್ನು ನೋಡಬೇಕು. 1998ರಲ್ಲಿ ತೆರೆಕಂಡ ಈ ಹಾಲಿವುಡ್ ಚಿತ್ರದ ನಿರ್ದೇಶಕ ಬ್ರಾಡ್ ಸಿಲ್ಬರ್ಲಿಂಗ್. ನಿಕೊಲಸ್ ಕೇಜ್ ಇಲ್ಲಿ ಸೇತ್ ಎಂಬ ದೇವದೂತ. ಮೆಗ್ ರಯಾನ್ ಮ್ಯಾಗಿ ಎಂಬ ಹೃದಯ ಶಸ್ತ್ರವೈದ್ಯೆ.

ಈ ದೇವದೂತರಿಗೆ ಬಂಗಾರದ ಕಿರೀಟವಿಲ್ಲ, ಬೆನ್ನಿಗೆ ರೆಕ್ಕೆಯಿಲ್ಲ. ಉದ್ದನೆಯ ಕರಿಯ ಅಂಗಿ ತೊಟ್ಟು, ಯಾರ ಕಣ್ಣಿಗೂ ಬೀಳದೆ, ಲಾಸ್ ಏಂಜಲಿಸ್ ನಗರದ ಜನರ ನಡುವೆ ಸುಳಿದಾಡುತ್ತಾರೆ. ಸಾಯುವವರ ಬಳಿ ನಿಲ್ಲುವುದು, ನೊಂದವರ ಮನದ ಮಾತಿಗೆ ಕಿವಿಗೊಡುವುದು ಅವರ ಕಾಯಕ. ಆದರೆ ಹಣ್ಣಿನ ರುಚಿ, ಕೈಯ ಬಿಸುಪು, ಗಾಯದ ನೋವು ಅವರಿಗೆ ತಿಳಿಯದು. ರೋಗಿಯೊಬ್ಬನನ್ನು ಉಳಿಸಿಕೊಳ್ಳಲಾರದೆ ಮ್ಯಾಗಿ ಕುಸಿದು ಅಳುವಾಗ ಸೇತ್ ಅವಳನ್ನು ನೋಡುತ್ತಾನೆ. ತಾನು ಅವಳ ಕಣ್ಣಿಗೆ ಬೀಳಬೇಕೆಂಬ ಆಸೆ ಅವನಲ್ಲಿ ಮೊಳೆಯುತ್ತದೆ. ಆ ಆಸೆಯೇ ಅವನ ಪತನದ ಮೊದಲ ಮೆಟ್ಟಿಲು. ಒಂದು ಕಾಲಕ್ಕೆ ತಾನೂ ದೇವದೂತನಾಗಿದ್ದು ಈಗ ಸಂಸಾರವಂದಿಗನಾಗಿರುವ ರೋಗಿಯೊಬ್ಬ ಅವನಿಗೆ ದಾರಿ ತೋರುತ್ತಾನೆ. ಎತ್ತರದಿಂದ ಧುಮುಕಿ, ಅಮರತ್ವವನ್ನು ತೊರೆದು, ಸೇತ್ ಮನುಷ್ಯನಾಗುತ್ತಾನೆ. ಮೈಯಿಂದ ಒಸರುವ ನೆತ್ತರನ್ನು ಕಂಡು ಹಿಗ್ಗುತ್ತಾನೆ!

ಮುಂದಿನದು ಕರವಸ್ತ್ರಕ್ಕೆ ಕೆಲಸ ಕೊಡುವ ಭಾಗ. ಇಬ್ಬರೂ ಕೂಡಿ ಒಂದು ರಾತ್ರಿ ಕಳೆಯುವುದರೊಳಗೆ, ಮರುಬೆಳಗ್ಗೆ ಬೈಸಿಕಲ್ಲಿನಲ್ಲಿ ಬರುತ್ತಿದ್ದ ಮ್ಯಾಗಿ ಮರದ ದಿಮ್ಮಿಯ ಲಾರಿಗೆ ಬಡಿದು ಸಾಯುತ್ತಾಳೆ. ಯಾರಿಗಾಗಿ ಅವನು ಸಾವನ್ನು ಬರಮಾಡಿಕೊಂಡನೋ ಅವಳನ್ನೇ ಸಾವು ಮೊದಲು ಕೊಂಡೊಯ್ಯಿತು.

ಈ ಚಿತ್ರಕ್ಕೆ ಮೂಲ, ಜರ್ಮನಿಯ ವಿಮ್ ವೆಂಡರ್ಸ್ 1987ರಲ್ಲಿ ತೆಗೆದ ‘ವಿಂಗ್ಸ್ ಆಫ್ ಡಿಸೈರ್’. ಗೋಡೆಯಿಂದ ಇಬ್ಭಾಗವಾಗಿದ್ದ ಬರ್ಲಿನ್ ನಗರ ಅದರ ರಂಗಸ್ಥಳ. ದೇವದೂತರು ಕಾಣುವ ಜಗತ್ತು ಅಲ್ಲಿ ಕಪ್ಪು ಬಿಳುಪು. ನಾಯಕ ಮನುಷ್ಯನಾದೊಡನೆ ಬಣ್ಣಗಳು ಅರಳುತ್ತವೆ. ಅವನ ನಲ್ಲೆ ಸರ್ಕಸ್ಸಿನ ತೂಗುಯ್ಯಾಲೆಯ ಆಟಗಾತಿ. ಅಲ್ಲಿ ಅವಳು ಸಾಯುವುದಿಲ್ಲ. ಆ ವರ್ಷದ ಕಾನ್ ಉತ್ಸವದಲ್ಲಿ ವೆಂಡರ್ಸ್ ಶ್ರೇಷ್ಠ ನಿರ್ದೇಶಕನೆನಿಸಿದ. ಎರಡನ್ನೂ ನೋಡಿದವರಿಗೆ, ಹಾಲಿವುಡ್ಡಿನವರು ಕಣ್ಣೀರಿಗಾಗಿಯೇ ಲಾರಿಯನ್ನು ತಂದರೆಂಬ ಗುಮಾನಿ ಬರುವುದು ಸಹಜ. ಕಥೆಯೊಳಗಿಂದ ಹುಟ್ಟದೆ ರಸ್ತೆಯ ತಿರುವಿನಿಂದ ಬಂದ ಮರಣ ಅದು.

ಆದರೂ ಚಿತ್ರ ಸೋಲಲಿಲ್ಲ. ಹೀಗಾಗುವುದೆಂದು ಮೊದಲೇ ತಿಳಿದಿದ್ದರೆ ಇಳಿದು ಬರುತ್ತಿದ್ದೆಯಾ ಎಂದು ಜೊತೆಯ ದೇವದೂತ ಕೇಳುತ್ತಾನೆ. ಅವಳ ಒಂದು ಸ್ಪರ್ಶದ ಮುಂದೆ ಅದಿಲ್ಲದ ಅಮರತ್ವ ಹಗುರವೆಂಬುದು ಸೇತ್ ಕೊಡುವ ಉತ್ತರದ ಸಾರ. ಕೊನೆಗೆ ಅವನು ಕಡಲಿಗಿಳಿದು ಅಲೆಗಳಿಗೆ ಮೈಯೊಡ್ಡುತ್ತಾನೆ. ದುಃಖವೂ ದೇಹವಿದ್ದವನ ಸೊತ್ತೆಂಬ ಮಾತು ಅಲ್ಲಿ ಉಪದೇಶವಾಗದೆ ದೃಶ್ಯವಾಗಿದೆ.

ಭಾರತೀಯನಿಗೆ ಇಲ್ಲಿ ಪುರೂರವ ನೆನಪಾಗದಿರನು. ಋಗ್ವೇದದ ಹತ್ತನೆಯ ಮಂಡಲದ ಸಂವಾದಸೂಕ್ತದಲ್ಲಿ ಊರ್ವಶಿ ಅವನನ್ನು ಬಿಟ್ಟು ಹೊರಟವಳು. ಎಷ್ಟು ಬೇಡಿದರೂ ಮರಳಳು. ಶತಪಥ ಬ್ರಾಹ್ಮಣದಲ್ಲಿ ಪುರೂರವ ಅಗ್ನಿಯನ್ನಾರಾಧಿಸಿ ತಾನೇ ಗಂಧರ್ವನಾಗುತ್ತಾನೆ. ಕಾಳಿದಾಸನ ‘ವಿಕ್ರಮೋರ್ವಶೀಯ’ದಲ್ಲಿ, ಮಗನ ಮುಖವನ್ನು ರಾಜ ಕಂಡ ದಿನವೇ ಊರ್ವಶಿ ಸ್ವರ್ಗಕ್ಕೆ ಮರಳಬೇಕೆಂಬ ಕಟ್ಟಳೆ. ಗಂಡನನ್ನು ಅಗಲಲಾರದೆ ಆ ತಾಯಿ ಹೆತ್ತ ಕೂಸನ್ನೇ ಮರೆಮಾಡಿ ಬೆಳೆಸುತ್ತಾಳೆ. ಕಡೆಗೆ ಇಂದ್ರ ಕರುಣಿಸಿ, ಪುರೂರವನ ಬಾಳಿರುವತನಕ ಅವಳನ್ನು ಭೂಮಿಯಲ್ಲಿರಗೊಡುತ್ತಾನೆ.

ಒಂದು ಕಥೆಯಲ್ಲಿ ಮಾನವ ಮೇಲೇರಿದ. ಇನ್ನೊಂದರಲ್ಲಿ ಅಪ್ಸರೆ ಅವಧಿ ಪಡೆದು ಉಳಿದಳು. ಚಿತ್ರದಲ್ಲಿ ದೇವದೂತ ಮರಳುವ ದಾರಿಯನ್ನೇ ಕಡಿದುಕೊಂಡು ಇಳಿದ. ಎಲ್ಲಿಯೂ ಪ್ರೇಮ ಬೆಲೆಯಿಲ್ಲದೆ ದೊರೆತಿಲ್ಲ. ಆದರೆ ಹೆಚ್ಚಿನ ಬೆಲೆ ತೆತ್ತವನು ಸೇತ್. ತೆತ್ತದ್ದಕ್ಕೆ ಮರುಗದಿರುವವನೂ ಅವನೇ.

ಬಾಳೆ ಒಮ್ಮೆಯೇ ಗೊನೆ ಹೊರುವುದು. ಗೊನೆ ಬಲಿತಂತೆ ಗಿಡ ಬಾಗುತ್ತದೆ, ಕೊನೆಗೆ ಕತ್ತಿಗೆ ಬೀಳುತ್ತದೆ. ಬುಡದಲ್ಲಿ ಕಂದು ತಲೆಯೆತ್ತಿರುತ್ತದೆ. ಇಂದ್ರಲೋಕದ ರಂಭೆಗೆ ಆ ಮುಪ್ಪಿಲ್ಲ, ಆ ಗೊನೆಯೂ ಇಲ್ಲ. ಎರಡರಲ್ಲಿ ಯಾವುದಾಗಬೇಕೆಂದು ಕೇಳಿದರೆ ಸೇತ್ ಭದ್ರೆಯ ದಡದ ಗಿಡವನ್ನೇ ಆರಿಸಿಕೊಳ್ಳುತ್ತಿದ್ದ.