ವಂಶವಾಹಿಯ ಲೆಕ್ಕದಲ್ಲಿ ಎಲ್ಲರಿಗೂ ಪಾಲು

ಒಬ್ಬನ ಮೈಯಳತೆ ತೆಗೆದುಕೊಂಡು ಊರಿನವರಿಗೆಲ್ಲ ಅಂಗಿ ಹೊಲಿಯುವ ದರ್ಜಿಯನ್ನು ಯಾರೂ ಮೆಚ್ಚಲಾರರು. ಆದರೆ ವೈದ್ಯವಿಜ್ಞಾನದ ನೂತನ ಶಾಖೆಯೊಂದರಲ್ಲಿ ಬಹುಮಟ್ಟಿಗೆ ಇಂತಹುದೇ ಕಾರ್ಯ ನಡೆದುಬಂದಿದೆ. ತಂದೆತಾಯಿಗಳಿಂದ ಮಕ್ಕಳಿಗೆ ಇಳಿದುಬರುವ ವಂಶವಾಹಿಗಳ ಸಮಗ್ರ ಲಿಪಿಗೆ ಜೀನೋಮ್ ಎಂದು ಹೆಸರು. ಅದನ್ನು ಓದಿ ರೋಗದ ಮೂಲವನ್ನು ಅರಸುವ ಶಾಸ್ತ್ರವೇ ಆ ಶಾಖೆ.

1990ರಲ್ಲಿ ಪ್ರಾರಂಭವಾಗಿ 2003ರಲ್ಲಿ ಮುಕ್ತಾಯಗೊಂಡ ಮಾನವ ಜೀನೋಮ್ ಯೋಜನೆಯು ಮಹತ್ಸಾಧನೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಲೋಕಕ್ಕೆ ನೀಡಿದ ಮಾದರಿ ಲಿಪಿಯಲ್ಲಿ ಸುಮಾರು ಶೇಕಡಾ 70 ಭಾಗವು, ಅಮೆರಿಕದ ಬಫೆಲೊ ನಗರದಲ್ಲಿ ಪತ್ರಿಕಾ ಜಾಹೀರಾತಿಗೆ ಓಗೊಟ್ಟು ರಕ್ತ ನೀಡಿದ ಅನಾಮಧೇಯನೊಬ್ಬನದು. ತರುವಾಯ ವಂಶವಾಹಿಗಳಿಗೂ ರೋಗಗಳಿಗೂ ಇರುವ ಸಂಬಂಧವನ್ನು ಕುರಿತು ಸಾವಿರಾರು ಅಧ್ಯಯನಗಳು ನಡೆದವು. 2019ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ, ಅವುಗಳಲ್ಲಿ ಪಾಲ್ಗೊಂಡವರ ಪೈಕಿ ಶೇಕಡಾ 78 ಮಂದಿ ಯುರೋಪ್ ಮೂಲದವರು. ಏಷ್ಯದವರು ಶೇಕಡಾ 10, ಆಫ್ರಿಕದವರು ಶೇಕಡಾ 2 ಮಾತ್ರ. ಲೋಕದ ಜನಸಂಖ್ಯೆಯಲ್ಲಿ ಯುರೋಪ್ ಮೂಲದವರು ಸುಮಾರು ಆರರಲ್ಲಿ ಒಂದು ಪಾಲು ಎಂಬುದನ್ನು ನೆನೆದರೆ ಈ ಲೆಕ್ಕ ಎಷ್ಟು ಒಂದು ಬದಿಗೆ ವಾಲಿದೆಯೆಂಬುದು ವಿಶದವಾಗುತ್ತದೆ.

ಮನುಷ್ಯರೆಲ್ಲರ ವಂಶಲಿಪಿ ಶೇಕಡಾ 99.9ರಷ್ಟು ಒಂದೇ ಆಗಿರುವಾಗ ಈ ತಕರಾರೇಕೆ ಎಂದು ಕೇಳುವವರುಂಟು. ಉಳಿದ ಅಲ್ಪ ಅಂಶದಲ್ಲಿಯೇ ಕೆಲವೊಮ್ಮೆ ಪ್ರಾಣದ ಪ್ರಶ್ನೆ ಅಡಗಿರುತ್ತದೆ ಎಂಬುದೇ ಉತ್ತರ. ಹೃದಯದ ಸ್ನಾಯು ದಪ್ಪವಾಗುವ ಆನುವಂಶಿಕ ಕಾಯಿಲೆಯೊಂದಿದೆ. ಅದಕ್ಕೆ ಕಾರಣವೆಂದು ಪರಿಗಣಿಸಲಾಗಿದ್ದ ಕೆಲವು ವ್ಯತ್ಯಾಸಗಳು ಆಫ್ರಿಕನ್ ಮೂಲದ ಅಮೆರಿಕನ್ನರಲ್ಲಿ ಸಾಮಾನ್ಯವಾಗಿಯೇ ಇರುವ, ನಿರಪಾಯಕರವಾದ ವ್ಯತ್ಯಾಸಗಳೆಂದು 2016ರಲ್ಲಿ ತಿಳಿದುಬಂದಿತು. ಅಷ್ಟರಲ್ಲಿ ಹಲವರಿಗೆ ತಪ್ಪು ಫಲಿತಾಂಶವನ್ನು ಕೊಟ್ಟಾಗಿತ್ತು. ಮೊದಲ ಅಧ್ಯಯನಗಳಲ್ಲಿ ಹೋಲಿಕೆಗೆ ಆರಿಸಿದ ಆರೋಗ್ಯವಂತರಲ್ಲಿ ಆ ಸಮುದಾಯದ ಕೆಲವೇ ಮಂದಿ ಇದ್ದಿದ್ದರೂ ಈ ಪ್ರಮಾದ ತಪ್ಪುತ್ತಿತ್ತು.

ಭಾರತದ ಸ್ಥಿತಿ ಇನ್ನೂ ಜಟಿಲವಾದುದು. ಶತಮಾನಗಳಿಂದ ಒಳಪಂಗಡದೊಳಗೇ ಮದುವೆಯಾಗುತ್ತ ಬಂದುದರಿಂದ, ಪೂರ್ವಿಕರಾದ ಕೆಲವರಲ್ಲಿದ್ದ ದೋಷವು ಅವರ ಸಂತತಿಯಲ್ಲಿ ದಟ್ಟವಾಗಿ ಹರಡಿರುವುದುಂಟು. ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯ ವಿಜ್ಞಾನಿಗಳು ಅಮೆರಿಕದ ಸಹೋದ್ಯೋಗಿಗಳೊಡನೆ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಕ್ಷಿಣ ಏಷ್ಯದ 263 ಗುಂಪುಗಳ ಪೈಕಿ 81ರಲ್ಲಿ ಈ ಲಕ್ಷಣವು ತೀವ್ರವಾಗಿ ಕಂಡುಬಂದಿತು. ಆಂಧ್ರ ಮೂಲದ ವೈಶ್ಯ ಸಮುದಾಯದ ಉದಾಹರಣೆ ಅರಿವಳಿಕೆ ವೈದ್ಯರಿಗೆ ಚಿರಪರಿಚಿತ. ಶಸ್ತ್ರಚಿಕಿತ್ಸೆಯ ವೇಳೆ ಸ್ನಾಯುಗಳನ್ನು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲೀನ್ ಎಂಬ ಔಷಧದ ಪ್ರಭಾವ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಇಳಿದುಹೋಗುತ್ತದೆ. ಅದನ್ನು ಕರಗಿಸುವ ಕಿಣ್ವದ ಕೊರತೆಯಿರುವವರಲ್ಲಿ ಅದು ಗಂಟೆಗಟ್ಟಲೆ ಉಳಿದು, ರೋಗಿ ತಾನಾಗಿ ಉಸಿರಾಡಲಾರದೆ ಯಂತ್ರವನ್ನು ಅವಲಂಬಿಸಬೇಕಾಗುತ್ತದೆ. ಈ ಕೊರತೆ ಅನ್ಯರಲ್ಲಿ ಅತಿ ವಿರಳ; ಈ ಸಮುದಾಯದಲ್ಲಿ ಅದರ ಪ್ರಮಾಣ ಬಹಳ ಹೆಚ್ಚು. ದೂರದೇಶದ ಸರಾಸರಿಯನ್ನು ನಂಬಿ ಕುಳಿತ ವೈದ್ಯನಿಗೆ ಇದು ಹೊಳೆಯುವುದೆಂತು?

ಹಾಗೆಂದು ಈ ವೈವಿಧ್ಯದ ಅರಿವು ಆಯಾ ಸಮುದಾಯದ ಹಿತಕ್ಕಷ್ಟೇ ಸೀಮಿತವಲ್ಲ. ಅಮೆರಿಕದ ಡಲ್ಲಾಸ್ ನಗರದ ಹೃದಯ ಅಧ್ಯಯನದಲ್ಲಿ ಕರಿಯ ಜನರನ್ನೂ ಹೆಚ್ಚಿನ ಸಂಖ್ಯೆಯಲ್ಲಿ ಸೇರಿಸಿಕೊಂಡಿದ್ದರು. ಅವರ ಪೈಕಿ ಕೆಲವರಲ್ಲಿ ಪಿ.ಸಿ.ಎಸ್.ಕೆ.9 ಎಂಬ ವಂಶವಾಹಿ ನಿಷ್ಕ್ರಿಯವಾಗಿದ್ದು, ಅದರಿಂದ ಕೆಟ್ಟ ಕೊಲೆಸ್ಟರಾಲ್ ಕಡಿಮೆಯಿರುವುದು 2005ರಲ್ಲಿ ಗೊತ್ತಾಯಿತು. ಇಂತಹವರಿಗೆ ಹೃದ್ರೋಗವೂ ಬಹಳ ಕಡಿಮೆಯೆಂಬುದು ಮರುವರ್ಷ ಸಿದ್ಧಪಟ್ಟಿತು. ಆ ಸುಳಿವನ್ನು ಹಿಡಿದು ಹೊರಟ ಸಂಶೋಧನೆಯಿಂದ 2015ರಲ್ಲಿ ಹೊಸ ಔಷಧಗಳೇ ಬಂದವು. ಇಂದು ಅವು ಸಕಲ ಜನಾಂಗದವರಿಗೂ ಉಪಯುಕ್ತ. ಆದರೆ ಬೆಲೆ ದುಬಾರಿಯಾದುದರಿಂದ ಬಡವನ ಕೈಗೆ ಸುಲಭವಾಗಿ ಎಟುಕವು.

ಇಲ್ಲಿಯೇ ಸಮತೆಯ ಪ್ರಶ್ನೆ ಎದುರಾಗುತ್ತದೆ. ರಕ್ತ ಪಡೆದ ಮಾತ್ರಕ್ಕೆ ನ್ಯಾಯ ಸಂದಾಯವಾದಂತಾಗಲಿಲ್ಲ. ಅಮೆರಿಕದ ಹವಸುಪಾಯ್ ಬುಡಕಟ್ಟಿನವರು 1990ರಿಂದ ಮಧುಮೇಹದ ಪರಿಹಾರ ದೊರೆತೀತೆಂಬ ನಂಬಿಕೆಯಿಂದ ರಕ್ತ ಕೊಟ್ಟರು. ಅದನ್ನು ಮನೋರೋಗ, ಪೂರ್ವಿಕರ ವಲಸೆ ಮೊದಲಾದ ಅನ್ಯ ವಿಷಯಗಳ ಅಧ್ಯಯನಕ್ಕೂ ಬಳಸಿದುದು ತಿಳಿದಾಗ ಅವರು ನ್ಯಾಯಾಲಯದ ಮೆಟ್ಟಲೇರಿದರು. 2010ರಲ್ಲಿ ವಿಶ್ವವಿದ್ಯಾಲಯವು ಏಳು ಲಕ್ಷ ಡಾಲರ್ ಪರಿಹಾರ ಕೊಟ್ಟು, ಉಳಿದ ರಕ್ತದ ಮಾದರಿಗಳನ್ನು ಹಿಂದಿರುಗಿಸಿತು. ಕೊಟ್ಟವನ ಒಪ್ಪಿಗೆ ಯಾವ ಉದ್ದೇಶಕ್ಕೋ ಬಳಕೆಯೂ ಆ ಉದ್ದೇಶಕ್ಕೆ ಮಾತ್ರ ಎಂಬ ವಿಶ್ವಾಸ ಒಮ್ಮೆ ಮುರಿದರೆ ಮತ್ತೆ ಕೂಡುವುದು ಕಷ್ಟ.

ಭಾರತವು ಈ ದಿಕ್ಕಿನಲ್ಲಿ ಕಣ್ಣು ತೆರೆದಿರುವುದು ಸಂತೋಷದ ಸಂಗತಿ. 2020ರಲ್ಲಿ ಆರಂಭಗೊಂಡ ಜೀನೋಮ್ ಇಂಡಿಯಾ ಯೋಜನೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನ ಕೇಂದ್ರವು ನೇತೃತ್ವ ವಹಿಸಿದುದು ಕನ್ನಡಿಗರಿಗೆ ಹೆಮ್ಮೆ ತರತಕ್ಕ ವಿಷಯ. ಇಪ್ಪತ್ತು ಸಂಸ್ಥೆಗಳು ಕೂಡಿ 83 ಸಮುದಾಯಗಳ ಸುಮಾರು 10,000 ಜನರ ಜೀನೋಮನ್ನು ಓದಿದವು; 2025ರ ಜನವರಿಯಲ್ಲಿ ಆ ಮಾಹಿತಿಯನ್ನು ಸಂಶೋಧಕರಿಗೆ ತೆರೆಯಲಾಯಿತು. ಆದರೆ ಈ ದೇಶದಲ್ಲಿ ನಾಲ್ಕೂವರೆ ಸಾವಿರಕ್ಕೂ ಮಿಕ್ಕಿದ ಸಮುದಾಯಗಳಿವೆ. ಆದುದರಿಂದ ಇದು ಪ್ರಾರಂಭ ಮಾತ್ರ. ಸಮುದಾಯಗಳ ವ್ಯತ್ಯಾಸವನ್ನು ಅರಿಯುವುದು ಚಿಕಿತ್ಸೆಗಾಗಿಯೇ ಹೊರತು ಮೇಲುಕೀಳನ್ನು ಎಣಿಸುವುದಕ್ಕಲ್ಲ ಎಂಬ ವಿವೇಕವೂ ಜೊತೆಗಿರತಕ್ಕದ್ದು.

ಜನಸಾಮಾನ್ಯರು ಮಾಡಬಹುದಾದುದೇನು? ಸಂಶೋಧಕರು ಮಾದರಿ ಕೇಳಿ ಬಂದಾಗ ಭಯದಿಂದ ಬಾಗಿಲು ಮುಚ್ಚಬೇಕಾಗಿಲ್ಲ. ಓದದೆ ರುಜು ಹಾಕಬೇಕಾಗಿಯೂ ಇಲ್ಲ. ಯಾವ ರೋಗದ ಅಧ್ಯಯನ, ಮಾಹಿತಿ ಯಾರ ವಶದಲ್ಲಿರುತ್ತದೆ, ಫಲ ದೊರೆತರೆ ಕೊಟ್ಟವರಿಗೆ ತಿಳಿಸುವರೇ ಎಂಬ ಮೂರು ಪ್ರಶ್ನೆಗಳನ್ನು ಕೇಳುವುದು ಅವರ ಹಕ್ಕು. ಹುಟ್ಟೂರನ್ನು ಬಿಟ್ಟು ಪರಸ್ಥಳಗಳಲ್ಲಿ ನೆಲಸಿರುವ ಕನ್ನಡ ಕುಟುಂಬಗಳಿಗೆ ಇನ್ನೊಂದು ಹೊಣೆಯೂ ಉಂಟು. ಊರಿನ ಹಳೆಯ ವೈದ್ಯರಿಗೆ ಮನೆತನದ ರೋಗಗಳೆಲ್ಲ ಗೊತ್ತಿದ್ದವು. ದೊಡ್ಡ ಪಟ್ಟಣದ ಆಸ್ಪತ್ರೆಗೆ ಏನೂ ಗೊತ್ತಿಲ್ಲ. ಎಳೆಯ ವಯಸ್ಸಿನಲ್ಲಿ ಹೃದಯ ನಿಂತು ತೀರಿಕೊಂಡವರು, ಅರಿವಳಿಕೆಯಿಂದ ತಡವಾಗಿ ಎಚ್ಚೆತ್ತವರು ಬಂಧುವರ್ಗದಲ್ಲಿದ್ದರೆ, ಹಿರಿಯರಿರುವಾಗಲೇ ಅವರನ್ನು ಕೇಳಿ ಬರೆದಿಟ್ಟುಕೊಂಡು ವೈದ್ಯರಿಗೆ ಮುಂಚಿತವಾಗಿ ತಿಳಿಸಬೇಕು. ಆ ಒಂದು ಹಾಳೆ ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಜೀವವನ್ನೇ ಉಳಿಸಬಹುದು.